ಗರ್ಭಿಣಿ ಸ್ಕ್ಯಾನಿಂಗ್ ಮಾಡಿಸಿಕೊಂಡರೆ ಮಗುವಿಗೆ ಬ್ಲಡ್ ಕ್ಯಾನ್ಸರ್ ಬರುತ್ತದೆಯೇ?

‘ಗರ್ಭಿಣಿಯರು ಪದೇ ಪದೇ ಸ್ಕ್ಯಾನಿಂಗ್ ಮಾಡಿಸಿದರೆ ಮಗುವಿಗೆ ಬ್ಲಡ್ ಕ್ಯಾನ್ಸರ್ ಬರುತ್ತದೆ’ ಎನ್ನುವಂಥ ಸಂದೇಶ ನಿಮಗೂ ಬಂದಿದೆಯೇ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಸ್ಕ್ಯಾನಿಂಗ್ ಬೇರೆ, ಎಕ್ಸ್‌ರೇ ಬೇರೆ

ಬಸುರಿಯರಿಗೆ ಸಾಮಾನ್ಯವಾಗಿ ಮಾಡುವುದು ಅಲ್ಟ್ರಾಸೌಂಡ್ ಸ್ಕ್ಯಾನ್. ಅದರಲ್ಲಿ ಬಳಸುವುದು ಶಬ್ದ ತರಂಗಗಳನ್ನು; ಎಕ್ಸ್‌ರೇಯಂಥ ವಿಕಿರಣವನ್ನಲ್ಲ. ಇದರಿಂದ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ ಬರುತ್ತದೆ ಎನ್ನಲು ಪುರಾವೆ ಇಲ್ಲ.

ಎಕ್ಸ್‌ರೇ ವಿಷಯ ಬೇರೆ. 1950ರ ದಶಕದಲ್ಲಿ ಬ್ರಿಟನ್ನಿನ ವೈದ್ಯೆ ಆಲಿಸ್ ಸ್ಟೀವರ್ಟ್, ಕ್ಯಾನ್ಸರ್‌ನಿಂದ ತೀರಿಕೊಂಡ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ವಿಚಾರಿಸಿ ಹೋಲಿಸಿದರು. ಬಸುರಿನಲ್ಲಿ ತಾಯಿಯ ಹೊಟ್ಟೆಗೆ ಎಕ್ಸ್‌ರೇ ಆಗಿದ್ದರೆ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಹಾಗಾಗಿಯೇ ಎಕ್ಸ್‌ರೇಗೆ ಮುನ್ನ ‘ಗರ್ಭಿಣಿಯೇ?’ ಎಂದು ಕೇಳುತ್ತಾರೆ. ಇಂದಿನ ಯಂತ್ರಗಳಲ್ಲಿ ವಿಕಿರಣ ಬಹಳ ಕಡಿಮೆ. ವೈದ್ಯರು ಅಗತ್ಯವೆಂದರೆ ಹೆದರಬೇಕಿಲ್ಲ.

ಕಾಯಿಲೆ ಶುರುವಾಗುವುದು ಯಾವಾಗ?

ಲ್ಯುಕೇಮಿಯಾ ಬಂದ ಕೆಲವು ಮಕ್ಕಳ ಹಳೆಯ ರಕ್ತವನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟಿದ್ದ ಹನಿ ಅದು. ಕಾಯಿಲೆಯ ಮೊದಲ ಜೀನ್ ಬದಲಾವಣೆ ಅದರಲ್ಲೇ ಇತ್ತು. ಅಂದರೆ ಹಲವರಲ್ಲಿ ಮೊದಲ ಹೆಜ್ಜೆ ಗರ್ಭದಲ್ಲೇ ಬಿದ್ದಿರುತ್ತದೆ. ಆದರೆ ಇಂಥ ಬದಲಾವಣೆಯೊಂದಿಗೆ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಕಾಯಿಲೆ ಬರುವುದೇ ಇಲ್ಲ. ಅದಕ್ಕೆ ಹುಟ್ಟಿದ ಮೇಲೆ ಇನ್ನಷ್ಟು ಬದಲಾವಣೆ ಆಗಬೇಕು. ಜೀವಕೋಶ ಒಡೆದು ಎರಡಾಗುವಾಗ ಆಗುವ ಆಕಸ್ಮಿಕ ತಪ್ಪುಗಳೇ ಬಹುಪಾಲು ಇದಕ್ಕೆ ಕಾರಣ.

ಬೇರೆ ಅಪಾಯಗಳು

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಲ್ಯುಕೇಮಿಯಾ ಅಪಾಯ ಹೆಚ್ಚು. ಬಸುರಿನಲ್ಲಿ ಕೀಟನಾಶಕದ ಒಡನಾಟಕ್ಕೂ ಈ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಔಷಧಿ ಹೊಡೆಯುವ ಕೆಲಸದಿಂದ ಬಸುರಿಯರು ದೂರವಿರಲಿ. ಮೊಬೈಲ್ ಟವರ್‌ನಿಂದ ಬರುತ್ತದೆ ಎಂಬುದು ಸಾಬೀತಾಗಿಲ್ಲ.

ನಮ್ಮ ತೀರ್ಮಾನ

ಸಂದೇಶದಲ್ಲಿರುವುದು ಸುಳ್ಳು. ಅದನ್ನು ನಂಬಿ ಸ್ಕ್ಯಾನಿಂಗ್ ತಪ್ಪಿಸಿದರೆ ತಾಯಿ ಮಗು ಇಬ್ಬರಿಗೂ ತೊಂದರೆ. ಮಗುವಿಗೆ ಕಾಯಿಲೆ ಬಂದ ಮನೆಯಲ್ಲಿ ‘ನೀನು ಅದು ತಿಂದೆ, ಇದು ಮಾಡಿದೆ’ ಎಂದು ತಾಯಿಯನ್ನು ದೂರುವುದಂತೂ ದೊಡ್ಡ ಅನ್ಯಾಯ.

ಬಿಡದ ಜ್ವರ, ಬಿಳಿಚಿಕೊಂಡ ಮುಖ, ಪೆಟ್ಟಾಗದೆಯೂ ಮೈಮೇಲೆ ನೀಲಿ ಕಲೆ, ಮೂಳೆ ನೋವು ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಪತ್ತೆಯಾಗಿ ಪೂರ್ತಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.