ಸಾಲುಗಳ ನಡುವಿನ ಬೈಕ್ ಸವಾರಿ

ಒಂದೇ ದಿಕ್ಕಿಗೆ ಹೊರಟ ವಾಹನಗಳ ಎರಡು ಸಾಲುಗಳ ಮಧ್ಯೆ ಉಳಿಯುವ ಜಾಗದಲ್ಲಿ ಬೈಕ್ ಓಡಿಸಿಕೊಂಡು ಮುಂದೆ ಹೋಗುವುದೇ ಸಾಲುಗಳ ನಡುವಿನ ಸವಾರಿ. ಸಾರಿಗೆ ತಜ್ಞರು ಇದನ್ನು ಎರಡಾಗಿ ನೋಡುತ್ತಾರೆ. ಚಲಿಸುತ್ತಿರುವ ವಾಹನಗಳ ನಡುವೆ ಸಾಗಿದರೆ ಅದು ಲೇನ್ ಸ್ಪ್ಲಿಟಿಂಗ್. ಸಿಗ್ನಲ್‌ನಲ್ಲೋ ದಟ್ಟಣೆಯಲ್ಲೋ ನಿಂತ ವಾಹನಗಳ ನಡುವೆ ನಿಧಾನವಾಗಿ ಮುಂದೆ ಬಂದರೆ ಲೇನ್ ಫಿಲ್ಟರಿಂಗ್. ನಮ್ಮ ಕಡೆಯ ಮಾತಿನಲ್ಲಿ ಎರಡಕ್ಕೂ ‘ಸಂದಿಯಲ್ಲಿ ತೂರಿಸುವುದು’ ಎಂಬ ಒಂದೇ ಹೆಸರು. ಹೆಸರು ಒಂದಾದರೂ ಅಪಾಯದ ಪ್ರಮಾಣ ಬೇರೆ ಬೇರೆ.

ಭಾರತದ ಕಾನೂನು ಇದಕ್ಕೆ ಅನುಮತಿ ಕೊಟ್ಟಿಲ್ಲ. ರಸ್ತೆಯಲ್ಲಿ ಲೇನ್ ಗುರುತಿದ್ದರೆ ಚಾಲಕ ಅದರೊಳಗೇ ಸಾಗಬೇಕು, ಸಂಕೇತ ಕೊಟ್ಟೇ ಲೇನ್ ಬದಲಿಸಬೇಕು ಎಂದು 1989ರ ರಸ್ತೆ ನಿಯಮಗಳು ಹೇಳಿದ್ದವು. ಅವುಗಳ ಜಾಗಕ್ಕೆ 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಲೇನ್ ಶಿಸ್ತು ಉಳಿದಿದೆ. 2019ರ ತಿದ್ದುಪಡಿ ಸೇರಿಸಿದ 177ಎ ಕಲಮಿನ ಪ್ರಕಾರ ಇಂಥ ನಿಯಮ ಮುರಿದವರಿಗೆ 500ರಿಂದ 1,000 ರೂಪಾಯಿವರೆಗೆ ದಂಡ. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಾಗಲಿ, ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಾಗಲಿ ಕೆಂಪು ದೀಪ ಬಿದ್ದ ಅರ್ಧ ನಿಮಿಷದಲ್ಲಿ ಕಾರು ಬಸ್ಸುಗಳ ನಡುವೆಲ್ಲ ಬೈಕುಗಳು ತುಂಬಿಕೊಳ್ಳುತ್ತವೆ.

ಹಾಗಿದ್ದರೆ ಅನುಮತಿ ಕೊಟ್ಟುಬಿಡಬಹುದೇ? ಹೊರದೇಶಗಳ ಅನುಭವ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2016ರಲ್ಲಿ ಮಾಡಿದ ಕಾಯ್ದೆ ಇದಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅಪಘಾತಕ್ಕೀಡಾದ ಸುಮಾರು 6,000 ಸವಾರರ ದಾಖಲೆ ಪರಿಶೀಲಿಸಿದ್ದರು. ಅವರಲ್ಲಿ 997 ಮಂದಿ ಅಪಘಾತದ ಹೊತ್ತಿಗೆ ಸಾಲುಗಳ ನಡುವೆ ಸಾಗುತ್ತಿದ್ದರು. ಈ ಗುಂಪಿನಲ್ಲಿ ತಲೆಗೆ ಪೆಟ್ಟು ಬಿದ್ದವರು ಶೇ. 9, ಉಳಿದವರಲ್ಲಿ ಶೇ. 17. ಹಿಂದಿನಿಂದ ಬಂದ ವಾಹನ ಗುದ್ದಿದ ಪ್ರಕರಣಗಳೂ ಮೊದಲ ಗುಂಪಿನಲ್ಲಿ ಕಡಿಮೆ. ನಿಂತ ಸಾಲಿನ ಬಾಲದಲ್ಲಿ ಕಾಯುವ ಬೈಕಿಗೆ ಹಿಂದಿನಿಂದ ಬರುವ ಲಾರಿಯ ಭಯ ಇದ್ದೇ ಇರುತ್ತದೆಯಲ್ಲ. ಆದರೆ ಸಂದಿಯಲ್ಲಿ ಸಾಗುತ್ತಿದ್ದವರು ಹೆಚ್ಚಾಗಿ ಒಳ್ಳೆಯ ಹೆಲ್ಮೆಟ್ ತೊಟ್ಟವರು, ವಾರದ ದಿನಗಳಲ್ಲಿ ಕೆಲಸಕ್ಕೆ ಹೊರಟವರು. ಈ ವ್ಯತ್ಯಾಸ ಮರೆತು ಅಂಕಿಗಳನ್ನು ಹಾಗೇ ನಂಬುವಂತಿಲ್ಲ. ಸುತ್ತಲಿನ ವಾಹನಗಳಿಗಿಂತ ಗಂಟೆಗೆ ಸುಮಾರು 24 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹೋದವರಿಗೆ ಪೆಟ್ಟೂ ಹೆಚ್ಚಿತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರ ಜುಲೈ 1ರಿಂದ ಫಿಲ್ಟರಿಂಗ್‌ಗೆ ಒಪ್ಪಿದ್ದು ಗಂಟೆಗೆ 30 ಕಿ.ಮೀ. ಮಿತಿಯೊಳಗೆ. ಅಮೆರಿಕದ ಯೂಟಾ ರಾಜ್ಯ 2019ರಲ್ಲಿ ನಿಂತ ವಾಹನಗಳ ನಡುವೆ ಮಾತ್ರ ಒಪ್ಪಿತು. ಹಲವು ವರ್ಷಗಳ ಪ್ರಯೋಗದ ನಂತರ 2025ರ ಜನವರಿಯಲ್ಲಿ ಫ್ರಾನ್ಸ್ ಕಾನೂನು ಮಾಡಿದ್ದೂ ವೇಗ ಮಿತಿಯೊಂದಿಗೆ, ವಿಭಜಕವಿರುವ ಅಗಲ ರಸ್ತೆಗಳಿಗಷ್ಟೇ. ‘ವಿಭಜಕವಿರುವ ರಸ್ತೆ’ ಎಂಬ ಮಾತನ್ನು ಉತ್ತರ ಕನ್ನಡದ ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಏಕೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಬಹುಪಾಲು ರಸ್ತೆಗಳಿಗೆ ವಿಭಜಕವೇ ಇಲ್ಲ. ಹೋಗಲು ಒಂದು ಲೇನು, ಬರಲು ಒಂದು. ನಡುವೆ ಬಣ್ಣದ ಗೆರೆ. ಎಷ್ಟೋ ಕಡೆ ಆ ಗೆರೆಯೂ ಮಳೆಗಾಲಕ್ಕೆ ಅಳಿಸಿಹೋಗಿರುತ್ತದೆ. ಇಲ್ಲಿ ‘ಸಾಲುಗಳ ನಡುವೆ’ ಎಂದರೆ ಎದುರಿನಿಂದ ಬರುವ ವಾಹನದ ಮುಖಕ್ಕೆ ನೇರ. ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ದ್ವಿಪಥ ರಸ್ತೆಯ ಪ್ರಮಾಣಿತ ಅಗಲ 7 ಮೀಟರ್, ಅಂದರೆ ಲೇನಿಗೆ 3.5 ಮೀಟರ್. ಬಸ್ಸಿನ ಗರಿಷ್ಠ ಅಗಲ 2.6 ಮೀಟರ್. ಎರಡು ಬಸ್ಸುಗಳು ತಂತಮ್ಮ ಲೇನಿನ ಮಧ್ಯದಲ್ಲಿ ಎದುರುಬದುರಾದರೆ ನಡುವೆ ಉಳಿಯುವುದು 90 ಸೆಂಟಿಮೀಟರ್. ಸಾಮಾನ್ಯ ಬೈಕಿನ ಹ್ಯಾಂಡಲ್ ಸುಮಾರು ಮುಕ್ಕಾಲು ಮೀಟರ್ ತಿನ್ನುತ್ತದೆ. ಎರಡೂ ಕಡೆಯಿಂದ 60 ಕಿ.ಮೀ. ವೇಗವಿದ್ದರೆ ಸವಾರನೂ ಎದುರಿನ ಬಸ್ಸೂ ಪ್ರತಿ ಸೆಕೆಂಡಿಗೆ 33 ಮೀಟರ್ ಹತ್ತಿರವಾಗುತ್ತವೆ.

ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡವರಿಗೆ ಸಂದಿಯಲ್ಲಿ ತೂರಿ ಮುಂದೆ ಹೋಗುವ ಆಸೆ ಚೆನ್ನಾಗಿ ಗೊತ್ತು. ಟ್ರೇಲರಿನ ಎರಡೂ ಬದಿಗೆ ಕಬ್ಬು ಚಾಚಿರುತ್ತದೆ, ಮುಂದಿನ ರಸ್ತೆ ಕಾಣುವುದಿಲ್ಲ. ಸವಾರ ಗೆರೆಯ ಮೇಲೆ ಬಂದು ಇಣುಕುತ್ತಾನೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಮರ ಹೊತ್ತು ಬರುವ ಲಾರಿಗಳ ಹಿಂದೆಯೂ ಇದೇ ಕಥೆ. ಜೋಯಿಡಾದಿಂದ ಅಣಶಿಯತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ತಿರುವುಗಳದೇ ರಾಜ್ಯ. ಜಲಸಾಹಸಕ್ಕೆಂದು ವಾರಾಂತ್ಯದಲ್ಲಿ ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯಿಂದ ಗುಂಪಾಗಿ ಬರುವ ಸವಾರರು ನಗರದ ಅಭ್ಯಾಸವನ್ನೂ ಜೊತೆಗೇ ತರುತ್ತಾರೆ. ಮುಂಡಗೋಡದಿಂದ ತಡಸ ಮಾರ್ಗವಾಗಿ ಹುಬ್ಬಳ್ಳಿಗೆ ದಿನಾ ಓಡಾಡುವವರದು ಉಲ್ಟಾ ಪ್ರಯಾಣ: ಹುಬ್ಬಳ್ಳಿಯಲ್ಲಿ ಕಲಿತ ತೂರುವಿಕೆ ಸಂಜೆ ಅದೇ ಬೈಕಿನಲ್ಲಿ ಊರಿಗೆ ಬರುತ್ತದೆ.

ಇನ್ನು ರೈಲ್ವೆ ಗೇಟು. ಗೇಟು ಬಿದ್ದಾಗ ಬೈಕುಗಳು ಸಾಲನ್ನು ದಾಟಿ ಮುಂದೆ ಬರುವುದಷ್ಟೇ ಅಲ್ಲ, ಎದುರಿನವರ ಲೇನನ್ನೂ ಭರ್ತಿ ಮಾಡುತ್ತವೆ. ಆಚೆ ಬದಿಯಲ್ಲೂ ಹಾಗೆಯೇ. ಗೇಟು ತೆರೆದಾಗ ಎರಡು ಗೋಡೆಗಳು ಹಳಿಯ ಮೇಲೆ ಮುಖಾಮುಖಿಯಾಗುತ್ತವೆ, ಆಂಬುಲೆನ್ಸ್ ಬಂದರೂ ದಾರಿಯಿಲ್ಲ.

ದ್ವಿಪಥ ರಸ್ತೆಯ ನಡುಗೆರೆ ದಾಟಿದರೆ ಏನಾಗುತ್ತದೆಂದು ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. 2021ರ ಜನವರಿ 15ರಂದು ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಇಟಿಗಟ್ಟಿ ಬಳಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅಲ್ಲಿ ಬೈಕ್ ಇರಲಿಲ್ಲ, ವಿಭಜಕವೂ ಇರಲಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು.

ಹೀಗಾಗಿ ಒಂದೇ ನಿಯಮವನ್ನು ಎಲ್ಲ ರಸ್ತೆಗೂ ಹೊದಿಸಲಾಗದು. ವಿಭಜಕವಿರುವ ನಗರ ರಸ್ತೆಯಲ್ಲಿ, ವಾಹನಗಳು ನಿಂತಿರುವಾಗ, ಗಂಟೆಗೆ 30 ಕಿ.ಮೀ. ಮೀರದಂತೆ ಫಿಲ್ಟರಿಂಗ್‌ಗೆ ಅವಕಾಶ ಕೊಡುವುದು ನ್ಯಾಯ; ಹೇಗೂ ನಡೆಯುತ್ತಿರುವುದಕ್ಕೆ ಒಂದು ಮಿತಿಯಾದರೂ ಸಿಗುತ್ತದೆ. ಚಲಿಸುವ ವಾಹನಗಳ ನಡುವೆ ಬೇಡ. ದ್ವಿಪಥ ರಸ್ತೆಯಲ್ಲಂತೂ ಯಾವ ವೇಗದಲ್ಲೂ ಬೇಡ. ಹಳಿಯಾಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿದವರು ದಯವಿಟ್ಟು ಎದುರಿನ ರಸ್ತೆ ಪೂರ್ತಿ ಕಾಣುವವರೆಗೆ ಹಿಂದೆಯೇ ಇರಲಿ.