ನಾಯಿಗಳ ರಕ್ತ ಕ್ಯಾನ್ಸರ್

ನಾಯಿಗಳ ರಕ್ತ ಕ್ಯಾನ್ಸರ್ ಎಂಬುದು ನಾಯಿಯ ಅಸ್ಥಿಮಜ್ಜೆ, ರಕ್ತ ಅಥವಾ ದುಗ್ಧರಸ ಗ್ರಂಥಿಗಳಲ್ಲಿ ರಕ್ತಕಣಗಳು, ಮುಖ್ಯವಾಗಿ ಬಿಳಿ ರಕ್ತಕಣಗಳು, ಹತೋಟಿ ಮೀರಿ ವೃದ್ಧಿಸುವ ರೋಗಗಳಿಗೆ ರೂಢಿಯಲ್ಲಿರುವ ಹೆಸರು. ಇದು ಮನುಷ್ಯರಿಗಾಗಲಿ ಇತರ ನಾಯಿಗಳಿಗಾಗಲಿ ಅಂಟುವುದಿಲ್ಲ. ಪೂರ್ಣ ಗುಣವಾಗುವುದು ವಿರಳ. ಆದರೂ ಸಕಾಲಿಕ ಚಿಕಿತ್ಸೆಯಿಂದ ಅನೇಕ ನಾಯಿಗಳು ತಿಂಗಳುಗಟ್ಟಲೆ ನೆಮ್ಮದಿಯಿಂದ ಬದುಕುತ್ತವೆ.

ವಿಧಗಳು

ದುಗ್ಧರಸ ಗ್ರಂಥಿಗಳಲ್ಲಿ ಹೆಚ್ಚಾಗಿ ಕಾಣಿಸುವ ಲಿಂಫೋಮಾ ನಾಯಿಗಳ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಒಂದು. ಅಸ್ಥಿಮಜ್ಜೆಯಲ್ಲಿ ಹುಟ್ಟುವುದು ಲ್ಯುಕೇಮಿಯಾ. ಇದರಲ್ಲಿ ತೀವ್ರ ಬಗೆಯು ವೇಗವಾಗಿ ಉಲ್ಬಣಿಸುತ್ತದೆ. ದೀರ್ಘಕಾಲಿಕ ಬಗೆಯು ವಯಸ್ಸಾದ ನಾಯಿಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ.

ಲಕ್ಷಣಗಳು

ದವಡೆಯ ಕೆಳಗೆ, ಭುಜದ ಮುಂದೆ ಹಾಗೂ ಹಿಂಗಾಲಿನ ಮಂಡಿಯ ಹಿಂದೆ ನೋವಿಲ್ಲದ ಗಟ್ಟಿ ಗಡ್ಡೆಗಳು ಲಿಂಫೋಮಾದ ಮುಖ್ಯ ಸೂಚನೆ. ನಿಶ್ಶಕ್ತಿ, ಹಸಿವು ಕುಗ್ಗುವುದು, ತೂಕ ಇಳಿಯುವುದು, ಬಿಳಿಚಿದ ಒಸಡು, ಜ್ವರ ಮತ್ತು ರಕ್ತಸ್ರಾವ ಇತರ ಲಕ್ಷಣಗಳು. ಕೆಲವು ನಾಯಿಗಳು ಅತಿಯಾಗಿ ನೀರು ಕುಡಿಯುತ್ತವೆ.

ರೋಗನಿರ್ಣಯ

ಭಾರತದಂತಹ ಉಷ್ಣ ಪ್ರದೇಶಗಳಲ್ಲಿ ಉಣ್ಣಿಗಳಿಂದ ಹರಡುವ ಎರ್ಲಿಕಿಯೋಸಿಸ್ ಮತ್ತು ಬಬೇಸಿಯೋಸಿಸ್ ರೋಗಗಳು ಇದೇ ಲಕ್ಷಣಗಳನ್ನು ತೋರಬಲ್ಲವು. ಅವುಗಳಿಗೆ ಪರಿಣಾಮಕಾರಿ ಔಷಧಗಳಿವೆ. ಎರ್ಲಿಕಿಯೋಸಿಸ್‌ಗೆ ಡಾಕ್ಸಿಸೈಕ್ಲಿನ್ ಕೊಡಲಾಗುತ್ತದೆ. ಆದ್ದರಿಂದ ಗಡ್ಡೆ ಅಥವಾ ರಕ್ತಹೀನತೆ ಕಂಡೊಡನೆ ಕ್ಯಾನ್ಸರೆಂದು ನಿರ್ಧರಿಸುವುದು ತಪ್ಪು. ರಕ್ತಪರೀಕ್ಷೆ, ಗಡ್ಡೆಯಿಂದ ಸೂಜಿಯ ಮೂಲಕ ತೆಗೆದ ಜೀವಕೋಶಗಳ ಪರೀಕ್ಷೆ ಮತ್ತು ಅಗತ್ಯವಿದ್ದರೆ ಬಯಾಪ್ಸಿ ಅಥವಾ ಅಸ್ಥಿಮಜ್ಜೆಯ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಇದಕ್ಕೆ ಮೊದಲೇ ಪ್ರೆಡ್ನಿಸೊಲೋನ್ ಕೊಟ್ಟರೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ ರೋಗ ಮರೆಯಾಗಬಹುದು. ಮುಂದಿನ ಚಿಕಿತ್ಸೆಯ ಫಲವೂ ತಗ್ಗಬಹುದು.

ಚಿಕಿತ್ಸೆ

ಲಿಂಫೋಮಾಗೆ ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್ ಮತ್ತು ಪ್ರೆಡ್ನಿಸೊಲೋನ್ ಒಳಗೊಂಡ ಕಿಮೊಥೆರಪಿಯನ್ನು ಸುಮಾರು 4ರಿಂದ 6 ತಿಂಗಳು ನೀಡಲಾಗುತ್ತದೆ. ಬಿ-ಕೋಶದ ಬಗೆಯಲ್ಲಿ ಬಹುಪಾಲು ನಾಯಿಗಳ ಗಡ್ಡೆಗಳು ಕರಗಿ, ಸಾಮಾನ್ಯವಾಗಿ ಒಂದು ವರ್ಷದಷ್ಟು ಆಯುಷ್ಯ ದೊರೆಯುತ್ತದೆ; ಟಿ-ಕೋಶದ ಬಗೆಯಲ್ಲಿ ಅವಧಿ ಕಡಿಮೆ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನ ನಾಯಿಗಳು ಕೆಲವೇ ವಾರಗಳಲ್ಲಿ ಸಾಯುತ್ತವೆ. ಪ್ರೆಡ್ನಿಸೊಲೋನ್ ಒಂದನ್ನೇ ಕೊಟ್ಟಾಗ ಒಂದೆರಡು ತಿಂಗಳ ಉಪಶಮನ ಸಿಗಬಹುದು. ದೀರ್ಘಕಾಲಿಕ ಲಿಂಫಾಯ್ಡ್ ಲ್ಯುಕೇಮಿಯಾಗೆ ಕ್ಲೋರಾಂಬ್ಯುಸಿಲ್ ಮತ್ತು ಪ್ರೆಡ್ನಿಸೊಲೋನ್ ಬಳಸುತ್ತಾರೆ.

ನೆಮ್ಮದಿಯ ಬದುಕೇ ಚಿಕಿತ್ಸೆಯ ಗುರಿಯಾದ್ದರಿಂದ ಮನುಷ್ಯರಿಗಿಂತ ಸೌಮ್ಯವಾದ ಪ್ರಮಾಣದಲ್ಲಿ ಔಷಧ ಕೊಡಲಾಗುತ್ತದೆ. ಆದಕಾರಣ ಹೆಚ್ಚಿನ ನಾಯಿಗಳಲ್ಲಿ ದುಷ್ಪರಿಣಾಮಗಳು ಸೌಮ್ಯವಾಗಿರುತ್ತವೆ.

ಮನೆಯ ಆರೈಕೆ

ಔಷಧ ನೀಡಿದ ಸುಮಾರು ಒಂದು ವಾರದ ಬಳಿಕ ಬಿಳಿ ರಕ್ತಕಣಗಳು ಕುಸಿಯುವುದುಂಟು. ಆಗ ದೇಹದ ಉಷ್ಣತೆ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಚಿಕಿತ್ಸೆಯ ನಂತರದ ಕೆಲವು ದಿನ ನಾಯಿಯ ಮೂತ್ರ, ಮಲ ಮತ್ತು ವಾಂತಿಯನ್ನು ಕೈಗವಸು ಧರಿಸಿ ಸ್ವಚ್ಛಗೊಳಿಸಬೇಕು. ಗರ್ಭಿಣಿಯರೂ ಮಕ್ಕಳೂ ಅವನ್ನು ಮುಟ್ಟಬಾರದು. ಕಿಮೊಥೆರಪಿಯ ಮಾತ್ರೆಗಳನ್ನು ಪುಡಿ ಮಾಡಬಾರದು. ಮನುಷ್ಯರ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳನ್ನು ಸ್ವಂತ ತೀರ್ಮಾನದಿಂದ ಕೊಡುವುದು ಅಪಾಯಕರ. ನೋವು ಶಮನವಾಗದೆ, ನಾಯಿಯು ಅನ್ನನೀರು ಬಿಟ್ಟಾಗ ದಯಾಮರಣದ ಆಯ್ಕೆಯನ್ನು ವೈದ್ಯರು ಮಾಲೀಕರೊಂದಿಗೆ ಚರ್ಚಿಸುತ್ತಾರೆ.

ಕರ್ನಾಟಕದಲ್ಲಿ

ಬಳಗಾನೂರಿನಂತಹ ಊರುಗಳಲ್ಲಿ ಮೊದಲು ಸಮೀಪದ ಪಶು ಆಸ್ಪತ್ರೆಯಲ್ಲಿ ನಾಯಿಯನ್ನು ತೋರಿಸಿ, ಹೆಚ್ಚಿನ ಪರೀಕ್ಷೆ ಎಲ್ಲಿ ಲಭ್ಯವೆಂದು ವೈದ್ಯರಿಂದ ತಿಳಿಯುವುದು ಸೂಕ್ತ. ರಾಜ್ಯದ ಪಶುವೈದ್ಯಕೀಯ ಶಿಕ್ಷಣದ ಹೊಣೆ ಹೊತ್ತ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್. ಅಲ್ಲಿಯ ಪಶುವೈದ್ಯಕೀಯ ಕಾಲೇಜು ಮತ್ತು 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸೇರಿವೆ.