ವಲಸಿಗ ಪೂರ್ವಜರ ಜಾಡು: ಸ್ಕೈ ದ್ವೀಪದಿಂದ ವಿಕ್ಟೋರಿಯಾಕ್ಕೆ

1846ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಸ್ಕಾಟ್ಲೆಂಡಿನ ಪಶ್ಚಿಮ ಹೈಲ್ಯಾಂಡ್ಸ್ ಹಾಗೂ ದ್ವೀಪಗಳು ಕ್ಷಾಮಕ್ಕೆ ತುತ್ತಾದವು. 1852–57ರ ನಡುವೆ ಹೈಲ್ಯಾಂಡ್ ಅಂಡ್ ಐಲ್ಯಾಂಡ್ ಎಮಿಗ್ರೇಷನ್ ಸೊಸೈಟಿಯ ನೆರವಿನಿಂದ ಸುಮಾರು 5,000 ಮಂದಿ ಆಸ್ಟ್ರೇಲಿಯಾಕ್ಕೆ ಹೋದರು. ಸ್ಕೈ ದ್ವೀಪದವರು ಅವರಲ್ಲಿ ಬಹಳಷ್ಟಿದ್ದರು. ಇಂಥ ವಲಸಿಗರ ಕುರಿತ ದಾಖಲೆಗಳು ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ನಂಬಬೇಕು? ಮಾಹಿತಿ ಕೊಟ್ಟವರು ಯಾರು, ಅದನ್ನು ಅವರು ಕಣ್ಣಾರೆ ಕಂಡಿದ್ದರೇ ಎಂಬುದೇ ಮಾನದಂಡವಾಗಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಮನೆತನದ ಬೈಬಲಿನಲ್ಲಿ ಬರೆದಿಟ್ಟ ಜನನಗಳ ಪಟ್ಟಿಯನ್ನು ಓದುವ ಮೊದಲು ಅದರ ಮುದ್ರಣದ ವರ್ಷವನ್ನು ನೋಡಬೇಕು. ಶಾಸನವು ಹೇಳುವ ಕಾಲಕ್ಕೂ ಅದರ ಲಿಪಿಗೂ ತಾಳೆಯಾಗದಿದ್ದರೆ ವಿದ್ವಾಂಸರು ಶಂಕಿಸುವಂತೆ, ಪುಸ್ತಕ ಅಚ್ಚಾಗುವ ಮುಂಚಿನ ಜನನಗಳೆಲ್ಲ ಒಂದೇ ಶಾಯಿ, ಒಂದೇ ಕೈಬರಹದಲ್ಲಿದ್ದರೆ ಅವು ನೆನಪಿನಿಂದಲೋ ಹಳೆಯ ಪ್ರತಿಯಿಂದಲೋ ಬಂದವೆಂದು ತಿಳಿಯಬೇಕು.

ವಿಕ್ಟೋರಿಯಾದಲ್ಲಿ ಜನನ-ಮರಣ ನೋಂದಣಿ ಶುರುವಾದದ್ದು 1853ರಲ್ಲಿ. ಅಲ್ಲಿನ ಮರಣ ದಾಖಲೆಯಲ್ಲಿ ತಂದೆತಾಯಿಯ ಹೆಸರು, ಹುಟ್ಟೂರು, ವಸಾಹತಿನಲ್ಲಿ ಕಳೆದ ವರ್ಷಗಳು, ಮಕ್ಕಳ ಹೆಸರು, ವಯಸ್ಸು ಎಲ್ಲಕ್ಕೂ ಜಾಗವಿದೆ. ಆದರೆ ಇದನ್ನೆಲ್ಲ ಬರೆಸಿದವನು ಮಗನಾಗಿದ್ದರೆ, ತಂದೆಯ ಜನನದ ಬಗ್ಗೆ ಅವನದು ಕೇಳಿದ ಮಾತು. ಒಡಹುಟ್ಟಿದವರ ಬಗ್ಗೆ ಮಾತ್ರ ಸ್ವಂತ ತಿಳಿವಳಿಕೆ. ಆದ್ದರಿಂದ ಈ ದಾಖಲೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಮಕ್ಕಳ ಪಟ್ಟಿ.

ಸೊಸೈಟಿಯ ಪ್ರಯಾಣಿಕರ ಪಟ್ಟಿಗಳು ಕುಟುಂಬವಾರು ಇದ್ದು, ವಯಸ್ಸು, ವಾಸಸ್ಥಳಗಳನ್ನು ಕೊಡುತ್ತವೆ. ಮಕ್ಕಳ ಹೆಸರುಗಳು ಅದೇ ಕ್ರಮದಲ್ಲಿ ಇಲ್ಲಿ ಸಿಕ್ಕರೆ ಕುಟುಂಬದ ಗುರುತು ಹತ್ತಿದಂತೆಯೇ. ಅಲ್ಲಿಂದ 1851ರ ಜನಗಣತಿಗೆ ಹೋದರೆ ಪ್ರತಿಯೊಬ್ಬರೂ ಹುಟ್ಟಿದ ಪ್ಯಾರಿಷ್ ತಿಳಿಯುತ್ತದೆ. 1841ರ ಗಣತಿಯನ್ನು ಎಚ್ಚರದಿಂದ ಬಳಸಬೇಕು: ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸುವುದು ಆಗಿನ ನಿಯಮ, 34 ವರ್ಷದವನು 30 ಎಂದು ದಾಖಲಾಗುತ್ತಿದ್ದ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಬಂದದ್ದು 1855ರಲ್ಲಿ. ಅದಕ್ಕೂ ಹಿಂದಿನ ಜನನಗಳಿಗೆ ಪ್ಯಾರಿಷ್ ಚರ್ಚಿನ ದೀಕ್ಷಾಸ್ನಾನದ ದಫ್ತರವೇ ಗತಿ. ಅದರಲ್ಲಿ ಬಿಟ್ಟುಹೋದವರೂ ಹಲವರು. ಆದರೆ ತಾಯಿಯ ತವರುಮನೆಯ ಹೆಸರು ಸಾಮಾನ್ಯವಾಗಿ ಸಿಗುತ್ತದೆ.

ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಲಿಯೋಡ್‌ಗಳೇ ತುಂಬಿದ ಸ್ಕೈನಲ್ಲಿ ಒಬ್ಬನ ಹೆಸರು, ವಯಸ್ಸು ಕೂಡಿಬಂದ ಮಾತ್ರಕ್ಕೆ ಗುರುತು ಸ್ಥಾಪಿತವಾಗದು. ಹೆಂಡತಿ, ಮಕ್ಕಳು, ಊರು ಹೊಂದಿದರೆ ವಯಸ್ಸಿನ ನಾಲ್ಕೈದು ವರ್ಷಗಳ ಅಂತರವನ್ನು ಮನ್ನಿಸಬಹುದು. ಇವು ಹೊಂದದಿದ್ದರೆ ವಯಸ್ಸು ಕರಾರುವಾಕ್ಕಾಗಿದ್ದರೂ ಒಪ್ಪಲಾಗದು.